ಪೈಪಿನಲ್ಲಿ ಉಳಿದ ಎಣ್ಣೆ

ಪುಣೆಯ ಕಾತ್ರಜ ದಾಟಿ ಸಾತಾರಾ ರಸ್ತೆಗೆ ಬಿದ್ದ ಮೇಲೆ ಎಡಕ್ಕೆ ಒಂದು ಪೆಟ್ರೋಲ್ ಪಂಪು. ಅಲ್ಲಿ ಟ್ಯಾಂಕರ್ ಬಂದು ನಿಂತರೆ ಮೊದಲು ಮೇಲೆ ಹತ್ತುವವನು ಮುರುಗೆಪ್ಪ. ಮುಚ್ಚಳ ತೆಗೆದು, ಬಾವಿಗೆ ಬಗ್ಗಿದ ಹಾಗೆ ಬಗ್ಗಿ, ಮೂಗನ್ನು ಒಳಗೆ ಹಾಕಿ ಒಂದು ಉಸಿರು ಎಳೆಯುತ್ತಿದ್ದ. ಆಮೇಲೆ ಅಳತೆಯ ಕಡ್ಡಿ ಇಳಿಸಿ, ಕಡ್ಡಿಗೆ ಹತ್ತಿದ ಎಣ್ಣೆಯನ್ನು ಅಂಗೈಗೆ ತಿಕ್ಕಿ, ಇನ್ನೊಮ್ಮೆ ಮೂಸಿ, ಕೆಳಗೆ ನಿಂತ ಡ್ರೈವರನಿಗೆ ತೀರ್ಪು ಹೇಳುತ್ತಿದ್ದ. ಬೈಗುಳವೆಲ್ಲ ಮರಾಠಿಯಲ್ಲಿ, ಕೊನೆಯದೊಂದು ಮಾತ್ರ ಬೈಲಹೊಂಗಲದ ಕನ್ನಡದಲ್ಲಿ. ಹಡಪಸರದ ಧಾಬಾದ ಹಿಂದೆ ಗಾಡಿ ನಿಲ್ಲಿಸಿ ಡ್ರೈವರ್ ನಾಲ್ಕು ಕ್ಯಾನ್ ಡೀಸೆಲ್ ಕದ್ದು ನಾಲ್ಕು ಕ್ಯಾನ್ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಸುರಿದಿದ್ದರೆ ಆ ಮೂಗಿಗೆ ತಿಳಿಯುತ್ತಿತ್ತು. ಹೆದ್ದಾರಿಯ ಮೇಲೆ ಅವನಿಗೆ ‘ನಾಕ್‌ವಾಲೇ ಮಾಮಾ’ ಎಂದೇ ಹೆಸರು. ಮೂಗಿನ ಮಾಮಾ.

ಹೀಗೆಂದ ಮಾತ್ರಕ್ಕೆ ಆ ಪಂಪಿನಲ್ಲಿ ಶುದ್ಧ ಎಣ್ಣೆ ಸಿಗುತ್ತಿತ್ತು ಅಂತ ಯಾರೂ ತಿಳಿಯಬಾರದು. ಡ್ರೈವರ್ ಬೆರೆಸಬಾರದು, ಮಾಲೀಕ ಬೆರೆಸಬೇಕು. ಇಬ್ಬರೂ ಬೆರೆಸಿದರೆ ಗಾಡಿಗಳು ಘಾಟಿನ ನಡುವೆ ನಿಲ್ಲುತ್ತವೆ, ಗಿರಾಕಿ ಜಗಳಕ್ಕೆ ತಿರುಗಿ ಬರುತ್ತಾನೆ. ಮಾಲೀಕನ ಕಲಬೆರಕೆಗೆ ಜಾಗ ಉಳಿಯಲಿ ಅಂತಲೇ ಮುರುಗೆಪ್ಪನ ಮೂಗನ್ನು ಸಾಕಿದ್ದರು.

ಮಾಲೀಕ ದಿಗಂಬರ ಭಾವೂ. ಅವನಿಗೆ ಪಂಪು ಸಿಕ್ಕದ್ದು ವ್ಯಾಪಾರದ ಬುದ್ಧಿಯಿಂದಲ್ಲ. ಒಂದು ಚುನಾವಣೆಯಲ್ಲಿ ದೊಡ್ಡವರೊಬ್ಬರ ಹಿಂದೆ ಜೀಪು ಓಡಿಸಿದ್ದ. ಪಂಪಿನ ಪರವಾನಗಿ ಅಂದರೆ ಆಗ ಗುಡಿಯ ಪ್ರಸಾದವಿದ್ದ ಹಾಗೆ: ಸಾಲಿನಲ್ಲಿ ನಿಂತವನಿಗೆ ಚಿಟಿಕೆ, ಗರ್ಭಗುಡಿಯೊಳಗೆ ನಿಂತವನಿಗೆ ಪರಾತ ತುಂಬ. ಆಮೇಲಿನ ಎಲ್ಲ ಚುನಾವಣೆಗಳಲ್ಲಿ ಎದುರುಬದುರು ಪಕ್ಷಗಳ ಜೀಪುಗಳು ಒಂದೇ ಪೈಪಿಗೆ ಬಾಯಿ ಹಚ್ಚಿ ಕುಡಿದು, ಹೊರಗೆ ಹೋಗಿ ಒಂದನ್ನೊಂದು ಬೈಯುತ್ತಿದ್ದವು. ಪೈಪು ಹಿಡಿಯುತ್ತಿದ್ದವನು ಮುರುಗೆಪ್ಪ. ಯಾವ ಸರಕಾರ ಬಂದರೂ ಅವನಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ತೊಂಬತ್ತರ ಆಗಸ್ಟಿನಲ್ಲಿ ಎಲ್ಲೋ ಕುವೈತಿನಲ್ಲಿ ಸೈನ್ಯ ನುಗ್ಗಿತು. ಧನಕವಡಿಯ ಚಾಳಿನ ಒಂದು ಕೋಣೆಯಲ್ಲಿ ಮುರುಗೆಪ್ಪನ ಹೆಂಡತಿ ಸಾಬವ್ವನಿಗೆ ಕುವೈತ್ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಲ್ಲ. ರೇಷನ್ ಅಂಗಡಿಯ ಮುಂದಿನ ಚಿಮಣಿ ಎಣ್ಣೆಯ ಸಾಲು ಚಾಳಿನ ಮೂಲೆ ತಿರುಗಿದ್ದು ಮಾತ್ರ ಗೊತ್ತಿತ್ತು. ಬೆಳಿಗ್ಗೆ ಕ್ಯಾನ್ ಇಟ್ಟು, ಕ್ಯಾನಿನ ಮೇಲೆ ಕಲ್ಲು ಇಟ್ಟು, ಹತ್ತು ವರ್ಷದ ಮಗಳು ದೀಪಾಲಿಯನ್ನು ಕಾವಲಿಗೆ ಕೂರಿಸಿ ಬರುತ್ತಿದ್ದಳು. ಮಧ್ಯಾಹ್ನ ಅಂಗಡಿಯವನು ಕೈ ಝಾಡಿಸುತ್ತಿದ್ದ. “ರಾಕೇಲ್ ಸಂಪಲಂ, ಮುಗೀತು. ಲಡಾಯಿ ನಡೆದದೆ.”

ಲಡಾಯಿ ನಡೆದದ್ದು ನಿಜ. ಆದರೆ ಎಣ್ಣೆ ಮುಗಿದಿರಲಿಲ್ಲ. ಅದೇ ವಾರ ಆ ನೀಲಿ ಎಣ್ಣೆ ಬ್ಯಾರಲ್‌ಗಳಲ್ಲಿ ಭಾವೂನ ಪಂಪಿಗೆ ಬಂದು ನೆಲದೊಳಗಿನ ಟಾಕಿಗೆ ಇಳಿದದ್ದನ್ನು ಮುರುಗೆಪ್ಪ ಕಣ್ಣಾರೆ ಕಂಡಿದ್ದ, ಕೈಯಾರೆ ಇಳಿಸಿಕೊಂಡಿದ್ದ. ಬಡವರ ಎಣ್ಣೆ ಅಂತ ಗುರುತು ಹತ್ತಲಿ ಎಂದು ಸರಕಾರ ಅದಕ್ಕೆ ನೀಲಿ ಬಣ್ಣ ಹಾಕಿತ್ತು. ಕಳ್ಳನಿಗೂ ಅದೇ ಗುರುತಾಯಿತು.

ಆಮೇಲೆ ಪುಣೆಯ ರಸ್ತೆಗೆ ಆರು ಸೀಟಿನ ಡೀಸೆಲ್ ರಿಕ್ಷಾಗಳು ಬಂದವು. ಆರು ಸೀಟು ಅನ್ನುವುದು ಹೆಸರಿಗೆ, ಕೂರುವುದು ಹನ್ನೊಂದು ಮಂದಿ. ಅವು ಸ್ವಾರಗೇಟಿನಿಂದ ಕಾತ್ರಜಕ್ಕೆ ಹತ್ತಿಳಿಯುವಾಗ ಹಿಂದೆ ಸ್ಕೂಟರಿನ ಮೇಲಿದ್ದವನ ಮುಖ ಇದ್ದಿಲಾಗುತ್ತಿತ್ತು. ಬಡವರ ಒಲೆಗೆ ಅಂತ ಹೊರಟ ಎಣ್ಣೆ ಬಡವರ ಎದೆಗೇ ಹೊಗೆಯಾಗಿ ಬರುತ್ತಿತ್ತು, ನಡುವೆ ಭಾವೂನ ಮನೆಗೆ ಮೂರನೇ ಮಜಲು ಎದ್ದಿತ್ತು. ಎಣ್ಣೆ ಕಂಪನಿಯ ಸಾಹೇಬರು ತಪಾಸಣೆಗೆ ಬರುವ ಮುನ್ನ ಫೋನ್ ಮಾಡುತ್ತಿದ್ದರು. ಬಂದವರು ಸೋಸುವ ಕಾಗದದ ಮೇಲೆ ಒಂದು ಹನಿ ಬಿಟ್ಟು, ಕಲೆ ಉಳಿಯಲಿಲ್ಲ ಅಂತ ಬರೆದುಕೊಂಡು, ಮಟನ್ ಊಟ ಮಾಡಿ ಹೋಗುತ್ತಿದ್ದರು. ಒಂದು ವರ್ಷ ಅವರೇ ಸಮಾರಂಭ ಮಾಡಿ, ‘ಗುಣಮಟ್ಟದ ಕಾವಲುಗಾರ’ ಅಂತ ಮುರುಗೆಪ್ಪನಿಗೊಂದು ಸರ್ಟಿಫಿಕೇಟ್ ಕೊಟ್ಟರು. ಭಾವೂ ಅದಕ್ಕೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ನೇತುಹಾಕಿದ.

ಕಾತ್ರಜ ಘಾಟಿನಿಂದ ಇಳಿಯುವ ಗಾಳಿಗೆ ಮೊದಮೊದಲು ಶಿವರಾತ್ರಿಯ ತನಕ ಸ್ವೆಟರ್ ಬೇಕಾಗುತ್ತಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮುರುಗೆಪ್ಪನ ಸ್ವೆಟರ್ ಟ್ರಂಕಿನಿಂದ ಹೊರಗೆ ಬರುವುದೇ ನಿಂತಿತು. ಊರು ಕಾದು ಬಿಸಿಯಾಗುತ್ತಿದೆ ಅಂತ ಪಂಪಿಗೆ ಬಂದವರೆಲ್ಲ ಅನ್ನುತ್ತಿದ್ದರು. ಗಿಡ ಕಡಿದರು ಅನ್ನುತ್ತಿದ್ದರು, ಕಲಿಗಾಲ ಅನ್ನುತ್ತಿದ್ದರು, ಅಂದುಕೊಳ್ಳುತ್ತಲೇ ಟಾಕಿ ತುಂಬಿಸಿಕೊಂಡು ಹೋಗುತ್ತಿದ್ದರು. ಮುರುಗೆಪ್ಪನೂ ಹೂಂ ಅನ್ನುತ್ತಿದ್ದ. ಮಾರುವವನು ತನ್ನ ಸರಕನ್ನು ಬೈಯುವುದುಂಟೇ?

ಆ ಸರಕು ಮೊದಲು ತಿಂದದ್ದು ಅವನನ್ನೇ. ತೊಂಬತ್ತೇಳರ ಒಂದು ಮಧ್ಯಾಹ್ನ ಮುರುಗೆಪ್ಪ ಊಟಕ್ಕೆ ಕೂತಿದ್ದ. ಮಾರು ದೂರದಲ್ಲಿ ಸಾಬವ್ವ ಬಳ್ಳೊಳ್ಳಿ ಒಗ್ಗರಣೆ ಹಾಕಿ ಪಾತ್ರೆ ಇಳಿಸಿದಳು.

“ಬ್ಯಾಳಿಗೆ ಒಗ್ಗರಣಿ ಹಾಕಲಿಲ್ಲೇನ ಇವತ್ತ?”

ಸಾಬವ್ವ ಸೌಟು ಹಿಡಿದುಕೊಂಡೇ ಅವನ ಮುಖ ನೋಡಿದಳು. “ಹಾಕೀನಲ್ರಿ,” ಅಂದಳು.

ಮುರುಗೆಪ್ಪ ಅಂದು ಪಂಪಿಗೆ ಹೋಗಿ ಪೆಟ್ರೋಲಿನ ಮುಚ್ಚಳ ಮೂಸಿದ, ಡೀಸೆಲಿನದು ಮೂಸಿದ, ಪಾಯಖಾನೆಗೆ ಹೋಗಿ ಅಲ್ಲಿಯೂ ಉಸಿರೆಳೆದ. ಎಲ್ಲ ಒಂದೇ. ನೀರು ಮೂಸಿದ ಹಾಗೆ.

ಯಾರಿಗೂ ಹೇಳಲಿಲ್ಲ. ಮೂಗಿನ ಮೇಲೆ ಬಂದ ನೌಕರಿ, ಮೂಗು ಹೋಯಿತು ಅಂದರೆ ಉಳಿಯುತ್ತದೆಯೇ? ಬೇರೆ ದಾರಿ ಹಿಡಿದ. ಮುಚ್ಚಳಕ್ಕೆ ಬಗ್ಗಿದಾಗ ಎಣ್ಣೆಯನ್ನು ಬಿಟ್ಟು ಕಂಕುಳ ಸಂದಿಯಿಂದ ಡ್ರೈವರನ ಮುಖ ನೋಡುತ್ತಿದ್ದ. ಬೆರೆಸಿದವನು ಮುಚ್ಚಳ ತೆಗೆದ ಕೂಡಲೇ ಬೀಡಿ ಹುಡುಕುತ್ತಾನೆ, ಇಲ್ಲವೇ ಟೈರು ಒದೆಯುತ್ತಾನೆ. ನಾಲ್ಕು ವರ್ಷ ಮುರುಗೆಪ್ಪ ಮನುಷ್ಯರ ಮುಖ ಓದಿ ಎಣ್ಣೆಯ ತೀರ್ಪು ಕೊಟ್ಟ, ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಹೆಸರು ಇನ್ನೂ ದೊಡ್ಡದಾಯಿತು.

ಪಂಪಿನಲ್ಲಿ ಒಂದು ರೂಢಿಯಿತ್ತು. ಬ್ಯಾರಲ್ ಖಾಲಿಯಾದ ಮೇಲೆ ಪೈಪಿನ ಹೊಟ್ಟೆಯಲ್ಲಿ ಐದಾರು ಲೀಟರ್ ಎಣ್ಣೆ ಉಳಿಯುತ್ತದೆ. ಪೈಪನ್ನು ಹೆಗಲ ಮೇಲೆತ್ತಿ ಜಾಡಿಸಿ ಅದನ್ನು ಕ್ಯಾನಿಗೆ ಹಿಡಿದುಕೊಳ್ಳುವುದು ಎಣ್ಣೆ ಇಳಿಸಿಕೊಂಡವನ ಹಕ್ಕು. ಕಣ ಗುಡಿಸಿದವನಿಗೆ ಮಣ್ಣಿನ ಜೊತೆಯ ಕಾಳು ಸಿಗುವ ಹಾಗೆ. ಕದ್ದ ಎಣ್ಣೆಯ ತಳ, ಹಾಗಾಗಿ ಕದ್ದಂತೆಯೂ ಅನ್ನಿಸುತ್ತಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ದೀಪಾಲಿಯ ಮದುವೆಯಾಯಿತು. ಗಂಡ ಮಾಂತು ಸವದತ್ತಿ ಕಡೆಯವನು, ದೇಹೂ ರೋಡಿನ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನ ರೇಷನ್ ಕಾರ್ಡು ಇನ್ನೂ ಊರಲ್ಲೇ ಇತ್ತು. ಗ್ಯಾಸ್ ಕನೆಕ್ಷನ್ನಿಗೆ ದೀಪಾಲಿಯ ಹೆಸರಿನಲ್ಲಿ ನಂಬರ್ ಹಚ್ಚಿದ್ದರು, ಬಂದಿರಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಮುರುಗೆಪ್ಪ ಪೈಪಿನಲ್ಲಿ ಉಳಿದ ಚಿಮಣಿ ಎಣ್ಣೆಯನ್ನು ಕ್ಯಾನಿಗೆ ತುಂಬಿ, ಬಟ್ಟೆಯ ಚೀಲದಲ್ಲಿ ಮುಚ್ಚಿಕೊಂಡು, ಎರಡು ಬಸ್ಸು ಬದಲಿಸಿ ದೇಹೂ ರೋಡಿಗೆ ಮುಟ್ಟಿಸುತ್ತಿದ್ದ. ತವರಿನಿಂದ ಬೇರೆಯವರು ಸೀರೆ ಒಯ್ಯುತ್ತಾರೆ, ಇವನು ಎಣ್ಣೆ.

ಎರಡು ಸಾವಿರದ ಒಂದರ ಏಪ್ರಿಲ್. ಚಿಮಣಿ ಎಣ್ಣೆ ಇಳಿಸುವ ಪೈಪು ಬಿಸಿಲಿಗೆ ಸೀಳಿತ್ತು. ಬ್ಯಾರಲ್ ಕಾಯುವುದಿಲ್ಲ, ಯಾರಾದರೂ ಕಂಡರೆ ಕಷ್ಟ. ಆಗಷ್ಟೇ ಪೆಟ್ರೋಲ್ ಇಳಿಸಿದ ಪೈಪನ್ನೇ ಹಚ್ಚಿದರು. ಕೆಲಸ ಮುಗಿದ ಮೇಲೆ ಮುರುಗೆಪ್ಪ ಎಂದಿನಂತೆ ಪೈಪು ಜಾಡಿಸಿದ. ಪೈಪಿನ ತಗ್ಗಿನಲ್ಲಿ ನಿಂತಿದ್ದ ಪೆಟ್ರೋಲೂ ಕೂಡಿಯೇ ಬಂತು. ಕ್ಯಾನಿಗೆ ಬಿದ್ದದ್ದು ನೀಲಿಯೇ ಇತ್ತು. ರೂಢಿಗೆ ಒಮ್ಮೆ ಮೂಸಿ ಬಿರಡೆ ಹಾಕಿದ.

ಐತವಾರ ಮುಂಜಾನೆ ದೇಹೂ ರೋಡಿನಲ್ಲಿ ದೀಪಾಲಿ ಬಿರಡೆ ತೆಗೆದು ಮುಖ ಹಿಂದೆ ಮಾಡಿದಳು.

“ಅಪ್ಪಾ, ಈ ಸಲದ್ದು ವಾಸನಿ ಬ್ಯಾರೆ ಅದ.”

“ಏನ್ ಬ್ಯಾರೆ?”

“ಇವರು ಗಾಡಿ ಬಿಚ್ಚಿ ತೊಳಿಯೋಮುಂದ ಬರತದಲ್ಲ, ಹಂಗ.”

“ಹೌದೌದು, ನೀನ ಬಂದು ಟ್ಯಾಂಕರ್ ಮ್ಯಾಲ ಹತ್ತು ಇನ್ನ,” ಅಂದ ಮುರುಗೆಪ್ಪ. “ನನ್ನ ಮೂಗಿಗೆ ಕಂಪನಿ ಸಾಹೇಬ್ರು ಸರ್ಟಿಫಿಕೇಟ್ ಕೊಟ್ಟಾರವಾ. ನಿನ್ನ ಮೂಗಿಗೆ ಯಾರ ಕೊಟ್ಟಾರ?”

ಮಾಂತು ನಕ್ಕ. ದೀಪಾಲಿಯೂ ನಕ್ಕಳು. ಅಪ್ಪನ ಮೂಗಿನ ಮುಂದೆ ವಾದವೇ? “ಉಂಡು ಹೋಗಪಾ, ರೊಟ್ಟಿ ಬಡಿತೀನಿ,” ಅಂದಳು. ಪಂಪಿನಲ್ಲಿ ಪಾಳಿ ಇತ್ತು. ಮುರುಗೆಪ್ಪ ಚಹಾ ಕುಡಿದು ಬಸ್ಸು ಹಿಡಿದ.

ಮರುದಿನ ಹತ್ತು ಗಂಟೆಗೆ ಸ್ಟೋ ಸಿಡಿಯಿತು. ಮಾಂತು ಅಂದು ರಜೆ ಹಾಕಿದ್ದ. ಗೋಣಿಚೀಲ ಸುತ್ತಿ, ಬರಿಗೈಯಲ್ಲಿ ಬಡಿದು ಆರಿಸಿದ. ಅವನ ಎರಡೂ ಅಂಗೈಯ ಚರ್ಮ ಸುಲಿದು ಬಂತು. ದೀಪಾಲಿ ಸರಕಾರಿ ದವಾಖಾನೆಯಲ್ಲಿ ಮೂರು ದಿನ ಇದ್ದಳು, ಮಾತಾಡಲಿಲ್ಲ, ಸತ್ತಳು. ಇಪ್ಪತ್ತೊಂದು ವರ್ಷ.

ಮದುವೆಯಾಗಿ ಎರಡು ವರ್ಷವಾಗದ ಹೆಣ್ಣು ಸ್ಟೋದಲ್ಲಿ ಸುಟ್ಟು ಸತ್ತರೆ ಪೊಲೀಸರಿಗೆ ಒಂದೇ ಕಥೆ ಗೊತ್ತು. ಆ ಕಥೆ ಹತ್ತರಲ್ಲಿ ಏಳು ಸಲ ನಿಜವೂ ಹೌದು, ಅದೇ ಈ ದೇಶದ ಹಣೆಬರಹ. ಮಾಂತುವನ್ನು ದವಾಖಾನೆಯಿಂದಲೇ ಒಯ್ದರು. ಸುಟ್ಟ ಕೈ ಬೆಂಕಿ ಹಚ್ಚಿದವನದೂ ಆಗಬಹುದು, ಆರಿಸಿದವನದೂ ಆಗಬಹುದು. “ಕ್ಯಾನಿನ ಎಣ್ಣೆ ಸರಿ ಇರಲಿಲ್ಲ, ನಮ್ಮ ಮಾವನನ್ನು ಕೇಳಿ,” ಅಂತ ಮಾಂತು ಹೇಳಿದ. ಆರೋಪಿಯ ಮಾತು ಅಂತ ಬಿಟ್ಟರು.

ದಿಗಂಬರ ಭಾವೂ ದವಾಖಾನೆಯ ವರಾಂಡಕ್ಕೇ ಬಂದ, ಬಿಳಿ ಬಟ್ಟೆ, ಹಿಂದೆ ಇಬ್ಬರು. ಮುರುಗೆಪ್ಪನ ಹೆಗಲ ಮೇಲೆ ಕೈ ಹಾಕಿ ಮೂಲೆಗೆ ಕರೆದೊಯ್ದ. ಮರಾಠಿಯಲ್ಲಿ ಮೆಲ್ಲಗೆ ಹೇಳಿದ: “ಅಳಿಯನ ಮೇಲೆ ತಕ್ರಾರು ಕೊಡು ಮಾಮಾ. ವಕೀಲ ನನ್ನವನೇ. ಕ್ಯಾನಿನ ಮಾತು ಎತ್ತಬೇಡ. ಎತ್ತಿದರೆ ಪೈಪು ಹಿಡಿದವನು ಯಾರು ಅಂತ ಕೇಳುತ್ತಾರೆ. ಪೈಪು ಹಿಡಿದವನು ನಾನಲ್ಲ.”

ಭಾವೂನ ಹೆದರಿಕೆ ಒಂದು ಕಡೆ ಇರಲಿ. ಮುರುಗೆಪ್ಪನನ್ನು ತಡೆದದ್ದು ಬೇರೆಯದು. ವರಾಂಡದ ನೆಲದ ಮೇಲೆ ಸಾಬವ್ವ ಎದೆ ಬಡಿದುಕೊಳ್ಳುತ್ತಿದ್ದಳು: “ಸುಟ್ಟನಲ್ರಿ ಆ ಸೂಳಿಮಗ ನನ್ನ ಕೂಸನ್ನ!” ಅವಳ ಮುಂದೆ ಕೂತು, ಅವನಲ್ಲ, ನಾನು ಅಂತ ಹೇಳುವ ನಾಲಿಗೆ ಮುರುಗೆಪ್ಪನ ಬಾಯಲ್ಲಿ ಇರಲಿಲ್ಲ. ತಕ್ರಾರಿನ ಕಾಗದಕ್ಕೆ ಸಹಿ ಹಾಕಿದ. ಓದಿಯೂ ನೋಡಲಿಲ್ಲ.

ಒಂದು ತಿಂಗಳಿಗೆ ಮಾಂತುವನ್ನು ಕೋರ್ಟಿಗೆ ತಂದಾಗ ಮೆಟ್ಟಿಲ ಮೇಲೆ ಎದುರಾದ. ಕೈಗೆ ಹೊಲಸು ಪಟ್ಟಿ, ಆ ಪಟ್ಟಿಯ ಮೇಲೆಯೇ ಬೇಡಿ. ಬೈಯುತ್ತಾನೆ, ಉಗುಳುತ್ತಾನೆ ಅಂದುಕೊಂಡು ಮುರುಗೆಪ್ಪ ಮುಖ ಮುಂದೆ ಮಾಡಿ ನಿಂತ. ಮಾಂತು ಬೈಯಲಿಲ್ಲ.

“ಮಾವಾರ,” ಅಂದ, “ವಾಸನಿ ಬ್ಯಾರೆ ಅದ ಅಂತ ಆಕಿ ಅಂದಿದ್ದಳಲ್ರಿ.”

ಹವಾಲ್ದಾರ ಅವನನ್ನು ಎಳೆದುಕೊಂಡು ಹೋದ.

ಮರುದಿನ ಮುಂಜಾನೆ ಮುರುಗೆಪ್ಪ ಪಂಪಿಗೆ ಹೋಗದೆ ದೇಹೂ ರೋಡಿನ ಬಸ್ಸು ಹತ್ತಿದ. ಅಳಿಯನ ಮೇಲಿನ ಹೇಳಿಕೆ ಬರೆದುಕೊಳ್ಳುತ್ತಾರೆ ಅಂತ ತಿಳಿದು ಸಾಬವ್ವನೂ ಬಂದಳು. ಅವಳನ್ನು ಠಾಣೆಯ ಬಾಗಿಲ ಹೊರಗಿನ ಬಾಕಿನ ಮೇಲೆ ಕೂರಿಸಿ ಒಳಗೆ ಹೋಗಿ ಎಲ್ಲ ಹೇಳಿದ: ಬ್ಯಾರಲ್, ಪೈಪು, ಕ್ಯಾನು, ಸತ್ತ ಮೂಗು, ಮಗಳು ಅಂದದ್ದು, ತಾನು ಗೇಲಿ ಮಾಡಿದ್ದು.

ಇನ್ಸ್‌ಪೆಕ್ಟರ್ ಪೂರ್ತಿ ಕೇಳಿ, ಪೆನ್ನಿನ ಮುಚ್ಚಳ ಹಾಕಿದ. ಅವನ ಮೇಜಿನ ಮೇಲೆ ಆ ಸರ್ಟಿಫಿಕೇಟಿನ ನಕಲಿತ್ತು. ಮಾಂತು ಎಣ್ಣೆಯ ಮಾತು ಎತ್ತಿದಾಗಲೇ ಭಾವೂ ಕಳಿಸಿದ್ದ, ಜೊತೆಗೆ ಐದು ಮಂದಿ ಡ್ರೈವರುಗಳ ಹೇಳಿಕೆ: ಹದಿಮೂರು ವರ್ಷದಲ್ಲಿ ಈ ಮೂಗು ಒಮ್ಮೆಯೂ ತಪ್ಪಿಲ್ಲ. ಮುರುಗೆಪ್ಪ ಮುಖ ಓದಿ ಹಿಡಿದಿದ್ದ ಡ್ರೈವರುಗಳೇ ಅವರು.

“ಬಸಾ ಮಾಮಾ, ಕೂಡಿ,” ಅಂದ ಇನ್ಸ್‌ಪೆಕ್ಟರ್. “ಇಂಥ ಮೂಗಿಗೆ ಪೆಟ್ರೋಲು ತಿಳಿಯಲಿಲ್ಲವಾ? ಅಳಿಯನ ಕಡೆಯವರು ಎಷ್ಟಕ್ಕೆ ಮಾತಾಡಿದರು?”

ಮುರುಗೆಪ್ಪ ಆಣೆ ಮಾಡಿದ. ಇನ್ಸ್‌ಪೆಕ್ಟರಿಗೂ ಅದೊಂದು ಆಟವಾಯಿತು. ಕಣ್ಣಿಗೆ ಟವೆಲ್ ಕಟ್ಟಿಸಿ, ಮೂರು ಚಹಾ ಗ್ಲಾಸು ಮೂಗಿಗೆ ಹಿಡಿಸಿದ. ಒಂದರಲ್ಲಿ ನೀರು, ಒಂದರಲ್ಲಿ ಪೆಟ್ರೋಲು, ಒಂದರಲ್ಲಿ ಫಿನಾಯಿಲು. ಮೂರಕ್ಕೂ ಮುರುಗೆಪ್ಪ “ಏನೂ ಇಲ್ಲ ಸಾಹೇಬ್” ಅಂದ.

“ಕುರುಡನ ವೇಷ ನೋಡಿದ್ದೆ, ಹುಚ್ಚನ ವೇಷ ನೋಡಿದ್ದೆ,” ಅಂದ ಇನ್ಸ್‌ಪೆಕ್ಟರ್. “ಮೂಗಿಲ್ಲದವನ ವೇಷ ಇದೇ ಮೊದಲು. ಏಳಿ, ಮನೆಗೆ ನಡೀರಿ.”

ಹದಿಮೂರು ವರ್ಷ ಮುರುಗೆಪ್ಪ ಮೂಗನ್ನು ಮಾರಿದ್ದ. ಈಗ ಅದು ಸತ್ತಿದೆ ಅಂತ ಕೊಡುತ್ತೇನೆಂದರೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಟವೆಲ್ ಬಿಚ್ಚಿದಾಗ ಬಾಗಿಲಲ್ಲಿ ಸಾಬವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಅವಳ ಮರಾಠಿ ಕಾಯಿಪಲ್ಯೆ ಮಾರ್ಕೆಟ್ ದಾಟಿದ್ದಲ್ಲ. ಆದರೆ ಒಳಗೆ ಆದ ಮಾತಿನಲ್ಲಿ ಮಗಳ ಹೆಸರು, ಕ್ಯಾನು, ಮೂಗು ಮೂರೂ ತಿಳಿದಿದ್ದವು. ಗಂಡನ ಕಡೆ ನೋಡಲಿಲ್ಲ. ಅಕ್ಕಲಕೋಟೆ ಕಡೆಯ ಹವಾಲ್ದಾರನೊಬ್ಬ ಕನ್ನಡ ಬಲ್ಲವನಿದ್ದ. ಅವನಿಗೆ ಹೇಳಿದಳು, “ಬರಕೋರಿ ಅಪ್ಪಾ.”

“ಏನ ಬರಕೊಳ್ಳಲೆವ್ವಾ?”

“ಇವರ ಮೂಗು ಸತ್ತು ನಾಕ ವರ್ಷ ಆತ್ರಿ. ಹ್ವಾದ ವರ್ಷ ಪಂಚಮಿಗೆ ಉಂಡಿ ಕಟ್ಟಿದ್ದೆ. ತುಪ್ಪ ಕಮಟ ಹಿಡದಿತ್ತು, ಬಾಯಾಗ ಇಡಾಕ ಬರ್ತಿರಲಿಲ್ಲ. ಇವರು ಮೂರು ಉಂಡಿ ತಿಂದು ಭಾಳ ಛಲೋ ಆಗ್ಯಾವ ಅಂದ್ರು. ಟ್ರಂಕಿನ ಹಿಂದ ಇಲಿ ಸತ್ತು ಕೊಳತಿತ್ರಿ. ಬಾಜೂ ಮನಿಯವರು ಮೂಗಿಗೆ ಸೆರಗು ಹಿಡಕೊಂಡು ಬಂದು ನಮ್ಮ ಬಾಗಲಾ ಬಡದ್ರು. ಇವರು ಆ ಟ್ರಂಕಿಗೆ ತಲಿ ಹಚ್ಚಿ ನಾಕ್ ದಿನ ಮಲಗಿದ್ರು. ಇಡೀ ಚಾಳಿನವರನ್ನ ಕೇಳ್ರಿ, ಯಾರಬೇಕಾದ್ರೂ ಹೇಳ್ತಾರ.”

ಹವಾಲ್ದಾರ ಮರಾಠಿ ಮಾಡಿ ಹೇಳಿದ. ಇನ್ಸ್‌ಪೆಕ್ಟರ್ ನಗುವುದನ್ನು ನಿಲ್ಲಿಸಿದ. ಕೊಳೆತ ಇಲಿಯ ಪಕ್ಕ ನಾಲ್ಕು ದಿನ ಯಾವ ಮನುಷ್ಯನೂ ವೇಷಕ್ಕಾಗಿ ಮಲಗುವುದಿಲ್ಲ.

“ಗೊತ್ತಿದ್ದೂ ಯಾಕ ಸುಮ್ಮನಿದ್ದಿ ಅಂತ ಸಾಹೇಬ್ರು ಕೇಳಾಕತ್ತಾರವಾ.”

“ಆ ಮೂಗಿನ ಮ್ಯಾಲ ನಮ್ಮ ಒಲಿ ಉರೀತಿತ್ತಪ್ಪಾ,” ಅಂದಳು ಸಾಬವ್ವ. ಆಮೇಲೆ, ಯಾರೂ ಕೇಳದಿದ್ದರೂ, “ಮನ್ಯಾಗ ಇದ್ದಾಗ ಆ ಕ್ಯಾನಿನ ಬಿರಡಿ ನಾನೂ ತಗದು ನೋಡಲಿಲ್ಲ. ಅದನೂ ಬರಕೋರಿ,” ಅಂದಳು.

ಅಷ್ಟರ ಮೇಲೆ, ಜಪ್ತಿಯಾಗಿ ಠಾಣೆಯಲ್ಲಿದ್ದ ಕ್ಯಾನು ಪ್ರಯೋಗಾಲಯಕ್ಕೆ ಹೋಯಿತು. ಚಿಮಣಿ ಎಣ್ಣೆಯಲ್ಲಿ ಪೆಟ್ರೋಲು ಅಂತ ಬರೆದು ಬಂತು. ಮಾಂತು ಐದು ತಿಂಗಳಿಗೆ ಹೊರಗೆ ಬಂದ, ಬಲಗೈಯ ಮೂರು ಬೆರಳು ಮಡಚಲು ಬರುವುದಿಲ್ಲ, ಫಿಟ್ಟರ್ ಕೆಲಸ ಹೋಯಿತು. ಪಂಪಿಗೆ ಸೀಲು ಬಿತ್ತು. ದೀಪಾವಳಿಯ ಹೊತ್ತಿಗೆ ಭಾವೂನ ನಾದಿನಿಯ ಹೆಸರಿನಲ್ಲಿ ಹೊಸ ಬಣ್ಣ ಹೊಡೆದು ತೆರೆಯಿತು. ಬ್ಯಾರಲ್ ಕೊಟ್ಟವನು, ತಂದವನು, ಮಟನ್ ಉಂಡವನು ಯಾರ ಹೆಸರೂ ಯಾವ ಕಾಗದದಲ್ಲೂ ಬರಲಿಲ್ಲ. ಕಾಗದದಲ್ಲಿ ಬಂದದ್ದು ಪೈಪು ಹಿಡಿದವನ ಹೆಸರು. ರೇಷನ್ ಎಣ್ಣೆಯ ಕಳವು, ನಿರ್ಲಕ್ಷ್ಯದಿಂದ ಸಾವು. ಮುರುಗೆಪ್ಪ ಯೆರವಡಾ ಜೈಲಿನಲ್ಲಿ ಹದಿನಾಲ್ಕು ತಿಂಗಳು ಕಳೆದು ಬಂದ. ಅವನು ಒಳಗಿದ್ದಾಗ ನಡೆದ ಮಹಾನಗರಪಾಲಿಕೆ ಚುನಾವಣೆಯಲ್ಲಿ ಭಾವೂ ನಗರಸೇವಕನಾದ. ಶುದ್ಧ ಗಾಳಿಯ ಬಗ್ಗೆ ಭಾಷಣ ಮಾಡುತ್ತಿದ್ದ.

ಮುರುಗೆಪ್ಪ ಈಗ ಹಿಂಜವಾಡಿಯ ಒಂದು ಹೊಸ ಕಟ್ಟಡದಲ್ಲಿ ಹಗಲು ಪಾಳಿಯ ವಾಚ್‌ಮನ್. ಕರೆಂಟು ಹೋದಾಗ ಡೀಸೆಲ್ ಜನರೇಟರ್ ಹಚ್ಚುವುದು ಅವನ ಕೆಲಸ. ಹೊಗೆ ಕೊಳವೆಯ ಪಕ್ಕದಲ್ಲೇ ಕುರ್ಚಿ. ಬೇರೆ ಯಾರೂ ಅಲ್ಲಿ ಅರ್ಧ ಗಂಟೆ ಕೂರುವುದಿಲ್ಲ.

ಅವನು ಜೈಲಿನಲ್ಲಿದ್ದಾಗ ಗ್ಯಾಸ್ ಏಜೆನ್ಸಿಯಿಂದ ದೀಪಾಲಿಯ ಹೆಸರಿಗೆ ಕಾಗದ ಬಂದಿತ್ತು, ನಂಬರ್ ಹತ್ತಿದೆ, ಬಂದು ಒಯ್ಯಿರಿ ಅಂತ. ಮಾಂತು ಅದನ್ನು ಸಾಬವ್ವನ ಕೈಗೆ ಕೊಟ್ಟು, ಹೆಸರು ಬದಲಿಸಲು ತಾನೇ ಏಜೆನ್ಸಿಗೆ ನಾಲ್ಕು ಸಲ ಅಲೆದು, ಸಿಲಿಂಡರ್ ತಂದು ಇಳಿಸಿ ಊರಿಗೆ ಹೋದ. ಮುರುಗೆಪ್ಪನನ್ನು ಕಾಣಲಿಲ್ಲ.

ಸಾಬವ್ವ ಗಂಡನಿಗೆ ಅಡಿಗೆ ಮಾಡಿ ಹಾಕುತ್ತಾಳೆ. ಬೇಕಾದಷ್ಟೇ ಮಾತು. ಗ್ಯಾಸು ಸೋರಿದರೆ ವಾಸನೆ ಬರುತ್ತದೆ, ಎಚ್ಚರವಿರಿ ಅಂತ ಸಿಲಿಂಡರ್ ತಂದವನು ಹೇಳಿ ಹೋಗಿದ್ದ. ಹಾಗಾಗಿ ನೀರಿಗೆ ಹೋಗಲಿ, ಸಂತೆಗೆ ಹೋಗಲಿ, ಗಂಡ ಮನೆಯಲ್ಲಿದ್ದರೆ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಕಿತ್ತು ಚೀಲದಲ್ಲಿ ಹಾಕಿಕೊಂಡೇ ಹೊಸ್ತಿಲು ದಾಟುತ್ತಾಳೆ. ಮುರುಗೆಪ್ಪ ಗೋಡೆಗೆ ಒರಗಿ ನೋಡುತ್ತಿರುತ್ತಾನೆ. ಚಹಾ ಕುಡಿಯಬೇಕು ಅನ್ನಿಸಿದರೂ ಅವಳು ಬರುವ ತನಕ ಕಾಯುತ್ತಾನೆ.